ಹೊರಗಿನ ಕಟ್ಟೆಯ ಮೇಲೆ ವೇದಾಬಾಯಿ ಟೀಚರ್

ಅಣ್ಣನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಕುಟುಂಬವು ಸಮಾಜದ ಮೂಲ ಘಟಕ’ ಎಂದು ಬಾಯಿಪಾಠ ಮಾಡುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಎಪ್ಪತ್ತರ ದಶಕದಲ್ಲಿ, ಶಹಾಬಾದಿನ ನರ್ಸಿಂಗ್ ಶಾಲೆಯಲ್ಲಿ, ಇದೇ ಸಾಲನ್ನು ನಾನೂ ಉರು ಹೊಡೆದಿದ್ದೆ.

ಸಮಾಜಶಾಸ್ತ್ರದ ಪಾಠ ಇರುತ್ತಿದ್ದುದು ಊಟವಾದ ಮೇಲೆ. ಹೊರಗೆ ಕಾದ ಹಾಸುಗಲ್ಲು, ಒಳಗೆ ನನ್ನ ನಿದ್ದೆ. ಸೂಜಿ ಚುಚ್ಚುವುದನ್ನು ಕಲಿತರೆ ಸಾಲದೇ ಎಂದು ಗೊಣಗುತ್ತಿದ್ದೆ. ಅಷ್ಟು ದೊಡ್ಡ ಜಾಣೆ ನಾನು. ಪಾಠ ಹೇಳುತ್ತಿದ್ದ ವೇದಾಬಾಯಿ ಟೀಚರ್ ಸೇಡಂನವರು. ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲಿದ್ದು, ವಾಡಿಯಲ್ಲಿ ರೈಲು ಬದಲಿಸಿ ಬರುತ್ತಿದ್ದರು.

“ಏಳವ್ವಾ,” ಎನ್ನುತ್ತಿದ್ದರು. “ಪೇಶೆಂಟ್ ಅಂದ್ರ ಬರೇ ಜಡ್ಡಲ್ಲ. ಅವರ ಹಿಂದ ಒಂದು ಮನಿ ಇರ್ತದ. ಆ ಮನಿಗೂ ನೀನೇ ನರ್ಸ್.”

ಅವರಿಗೇ ಕ್ಷಯ ಬಂತು. ಕೆಲವು ತಿಂಗಳ ಔಷಧದ ನಂತರ, ರೋಗ ಇನ್ನು ಯಾರಿಗೂ ಹತ್ತುವುದಿಲ್ಲ ಎಂದರು ಡಾಕ್ಟರು. ಗೆಳತಿ ಮೆಹಬೂಬ್‌ಬಿ ಮತ್ತು ನಾನು ಖುಷಿಯಿಂದ ನೋಡಲು ಹೋದೆವು. ಟೀಚರ್ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ.

“ಒಳಗ ಕರ್ಕೊಳ್ರಿ, ವೈನಿ,” ಎಂದು ಅವರ ಅಣ್ಣನ ಹೆಂಡತಿಗೆ ಮೆಹಬೂಬ್‌ಬಿ ಹೇಳಿದಳು. “ಡಾಕ್ಟರೇ ಹೇಳ್ಯಾರ.”

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ನನಗೇನು ಕರುಳಿಲ್ಲೇನವಾ? ಮನ್ಯಾಗ ಸಣ್ಣ ಮಕ್ಕಳು ಅವ. ಭಾಳ ಅಂಜಿಕಿ ಬರ್ತದ.”

ಮೆಹಬೂಬ್‌ಬಿ ಸಿಟ್ಟಾದಳು. ಟೀಚರ್ ತಡೆದರು. “ಆಕಿಗೆ ಬೈಬ್ಯಾಡ. ನನ್ನ ಜಡ್ಡಿಗೆ ಸೂಜಿ ಅದ. ಅಂಜಿಕಿಗೆ ಎಲ್ಲಿ ಅದ?”

ಮುಂದಿನ ಸಲ ಹೋದಾಗ ಅವರು ದವಾಖಾನೆಗೆ ಹೋಗುವುದನ್ನೇ ಬಿಟ್ಟಿದ್ದರು. ನಾನು ಅತ್ತು ಬೇಡಿಕೊಂಡೆ.

“ಚಲೋ ಆಗಿ ಎಲ್ಲಿಗೆ ಹೋಗ್ಲಿ, ಹೇಳು?” ಎಂದರು.

ಮಳೆಗಾಲ ಮುಗಿಯುವ ಮೊದಲೇ ಆ ಕಟ್ಟೆಯ ಮೇಲೆಯೇ ತೀರಿಕೊಂಡರು. ನಾವು ಹೋದಾಗ ವೈನಿ ಅದೇ ಚಾಪೆಯ ಮೇಲೆ, ಸಣ್ಣ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದರು. “ಒಮ್ಮ್ಯಾದ್ರೂ ಒಳಗ ಬಾ ಅನ್ನಬೇಕಿತ್ತು. ಬಾಯೇ ಬರಲಿಲ್ಲ,” ಎಂದರು. ನಾನು ಮುಖ ತಿರುಗಿಸಿದೆ. ಮುಂದೆ ಎಷ್ಟೋ ಕ್ಷಯರೋಗಿಗಳ ಹಾಸಿಗೆಯ ಬದಿಯಲ್ಲಿ ಕೂತೆ. ವೈನಿಯ ಮೇಲಿನ ಸಿಟ್ಟು ಮಾತ್ರ ಹೋಗಲಿಲ್ಲ.

ನಾನು ಹೇಳಿದ್ದನ್ನೆಲ್ಲ ಕೇಳಿ ಅಣ್ಣನ ಮಗಳು ಪುಸ್ತಕ ಮುಚ್ಚಿದಳು.

“ಅತ್ತಿ, ನಾಳಿಂದ ನನಗ ಕ್ಷಯದ ವಾರ್ಡಿಗೆ ಹಾಕ್ಯಾರ.”

‘ಬ್ಯಾಡವ್ವಾ, ರಜಾ ಹಾಕು’ ಎಂಬ ಮಾತು ನನ್ನ ತುಟಿಯವರೆಗೆ ಬಂತು. ನನಗೇ, ಇಷ್ಟು ವರ್ಷ ನರ್ಸ್ ಆಗಿದ್ದವಳಿಗೇ! ಅವಳ ತೆಳ್ಳನೆಯ ಕೊರಳನ್ನು ನೋಡುತ್ತಾ ನಿಂತೆ. ವೈನಿಯ ಮೇಲೆ ಸಿಟ್ಟು ಮಾಡಲು ಇನ್ನು ನನ್ನಿಂದಾಗದು ಅನ್ನಿಸಿತು.

“ಹೋಗು” ಎನ್ನಲು ಬಹಳ ಹೊತ್ತು ಹಿಡಿಯಿತು.