ಕರಡಿ ಕಾಯುವ ನಕ್ಷತ್ರ

ಈಗಷ್ಟೇ ಬೆಳಕು ಹರಿಯುತ್ತಿದೆ. ಮೃಗಾಲಯದ ಹಿಂಬದಿಯ ಗೇಟಿನಿಂದ ಕರಡಿಯಕ್ಕ ಬಕೆಟ್ ತುಂಬ ಕಲ್ಲಂಗಡಿ ಹೋಳು ಹೊತ್ತು ಬರುತ್ತಾರೆ. ಎಂದಿನ ಉದ್ದ ಹಿಡಿಯ ಪೊರಕೆ ಮಾತ್ರ ಕೈಯಲ್ಲಿಲ್ಲ. ಬೇಕೆಂದೇ ಅದನ್ನು ಗೇಟಿನಾಚೆ ಒರಗಿಸಿ ಬಂದಿದ್ದಾರೆ. "ನಿಮ್ಮ ಪೆನ್ನೂ ಜೇಬಲ್ಲಿಡಿ. ಅವಳಿಗೆ ಹೆದರಿಕೆ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೂ ತಾಕೀತು ಮಾಡುತ್ತಾರೆ.

ಅವಳೆಂದರೆ ಮುದುಕಿ ಕರಡಿ, ಯಾವುದೋ ಸರ್ಕಸ್ಸಿನ ಇಕ್ಕಟ್ಟು ಪಂಜರದಿಂದ ಬಿಡಿಸಿ ತಂದವಳು. ಎದುರಿಗೇ ಹುಲ್ಲು, ಕೊಳ, ಮರದ ನೆರಳು ಇದ್ದರೂ ಬಂದಾಗಿನಿಂದ ಗೂಡಿನ ಹೊಸ್ತಿಲು ದಾಟಿಲ್ಲ. ಇವತ್ತೂ ಹೊರಬರದಿದ್ದರೆ ಆ ಬಯಲನ್ನು ಬೇರೆ ಕರಡಿಗೆ ಕೊಟ್ಟು, ಇವಳನ್ನು ಕೊನೆತನಕ ಒಳಗೇ ಇಡುವುದೆಂದು ಡಾಕ್ಟರು ಹೇಳಿಯಾಗಿದೆ. ಇದನ್ನು ಹೇಳುವಾಗ ಅಕ್ಕನ ಮುಖ ಸಪ್ಪಗಾಗುತ್ತದೆ.

ಗಂಡನ ಕೆಲಸ ಹೋದಾಗ ಟಿಕೆಟ್ ಕೌಂಟರಿನ ನೆಲ ಒರೆಸಲು ಬಂದವರು ಇವರು. ಕರಡಿ ನೋಡಿಕೊಳ್ಳುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಪರಾರಿಯಾದಾಗ ಬಕೆಟ್ ಎತ್ತಿಕೊಂಡರು, ಮತ್ತೆ ಇಳಿಸಲೇ ಇಲ್ಲ. ನಾಲ್ಕು ಕರಡಿಗಳಿಗೆ ದಿನಕ್ಕೆ ಮೂವತ್ತು ಕಿಲೋ ಹಣ್ಣು, ಗೆಡ್ಡೆ ಹೆಚ್ಚುತ್ತಾರೆ. ಫೋಟೊ ತೆಗೆಯುವವರು ಇವರಿಗೆ ಹೇಳುವ ಮಾತು ಒಂದೇ: "ಸ್ವಲ್ಪ ಪಕ್ಕಕ್ಕೆ ಸರೀರಿ." ಮನೆಗೆ ಹೋದರೆ ಅತ್ತೆ ಮೂಗು ಮುಚ್ಚಿಕೊಳ್ಳುತ್ತಾರೆ. "ಮೊದ್ಲು ಸ್ನಾನ, ಆಮೇಲೆ ಸಂಬಂಧ!"

ಪೊರಕೆ ಯಾಕೆ ಬಿಟ್ಟಿರಿ ಎಂದರೆ ಅಕ್ಕನಿಗೆ ನಗು. ನಿನ್ನೆ ಸಂಜೆ ಮಗಳು ತಾರಾಲಯಕ್ಕೆ ಕರೆದೊಯ್ದಿದ್ದಳು. ನಾವು ಸ್ವಾತಿ ಎನ್ನುವ ನಕ್ಷತ್ರವನ್ನು ಗ್ರೀಕರು ಆರ್ಕ್ಟುರಸ್ ಎನ್ನುತ್ತಿದ್ದರಂತೆ, ಅಂದರೆ ಕರಡಿ ಕಾಯುವವನು. ಗುಮ್ಮಟದ ಪರದೆಯ ಮೇಲೆ ಅದರ ಕಥೆ ಶುರುವಾಯಿತು: ಕ್ಯಾಲಿಸ್ಟೊ ಎಂಬ ಚೆಲುವೆಯನ್ನು ಹೀರಾ ದೇವಿ ಹೊಟ್ಟೆಕಿಚ್ಚಿನಿಂದ ಕರಡಿಯಾಗಿಸುತ್ತಾಳೆ. ವರ್ಷಗಳ ಮೇಲೆ, ಬೇಟೆಗಾರನಾಗಿ ಬೆಳೆದ ಮಗ ಕಾಡಿನಲ್ಲಿ ಎದುರಾಗುತ್ತಾನೆ. ಗುರುತು ಹಿಡಿದ ತಾಯಿ ಅಪ್ಪಿಕೊಳ್ಳಲು ಬರುತ್ತಾಳೆ, ಮಗ ಭರ್ಜಿ ಎತ್ತುತ್ತಾನೆ.

ಅಷ್ಟೇ, ಕತ್ತಲಲ್ಲಿ ಕರಡಿಯಕ್ಕ ಎದ್ದು ನಿಂತು ಕೂಗಿಯೇಬಿಟ್ಟರು: "ಲೋ, ಇಳಿಸೋ ಅದನ್ನ! ಅದು ನಿಮ್ಮಮ್ಮ ಕಣೋ!"

ಜನ ಬಿದ್ದು ಬಿದ್ದು ನಕ್ಕರು, ಮಗಳು ಮುಖ ಮುಚ್ಚಿಕೊಂಡಳು. ಪುಣ್ಯಕ್ಕೆ ದೇವರಾಜ ಝ್ಯೂಸ್ ಅಡ್ಡ ಬಂದು ಇಬ್ಬರನ್ನೂ ಆಕಾಶಕ್ಕೇರಿಸಿದ. ತಾಯಿ ಮಹಾಕರಡಿಯ ನಕ್ಷತ್ರಪುಂಜವಾದಳು, ಮಗ ಸ್ವಾತಿಯಾಗಿ ಅವಳ ಹಿಂದೆ ಕಾವಲು ನಿಂತ.

"ನಗ್ಲಿ ಬಿಡಿ. ಮನೆಗೆ ಬಂದ್ರೂ ಆ ಭರ್ಜಿ ಕಣ್ಮುಂದೆನೇ ಇತ್ತು. ಆಗ ಹೊಳೀತು, ನಾನೂ ದಿನಾ ಉದ್ದ ಕೋಲು ಹಿಡ್ಕೊಂಡೇ ತಾನೆ ಅವಳ ಮುಂದೆ ನಿಲ್ಲೋದು? ಸರ್ಕಸ್ಸಲ್ಲಿ ಎಷ್ಟು ಏಟು ತಿಂದಿದ್ಳೋ ಪಾಪ."

ಗೂಡಿನ ಬಾಗಿಲು ತೆರೆಯುತ್ತದೆ. ಜಾಲರಿಯ ಈಚೆ ಅಕ್ಕ ಕುಕ್ಕುರುಗಾಲಲ್ಲಿ ಕೂತು ಬರಿಗೈ ತೋರಿಸುತ್ತಾರೆ. "ಬಾರಮ್ಮ ನನ್ನ ತಾಯಿ. ನೋಡು, ಏನೂ ಇಲ್ಲ."

ಕಪ್ಪು ಮೂತಿ ಇಣುಕುತ್ತದೆ. ಹುಲ್ಲಿನ ಮೇಲೆ ಒಂದು ಪಾದ ಇಟ್ಟವಳು ಇಬ್ಬನಿ ತಾಗಿ ಸರಕ್ಕನೆ ಎತ್ತಿಕೊಳ್ಳುತ್ತಾಳೆ, ನೆಕ್ಕಿ ನೋಡುತ್ತಾಳೆ, ಮತ್ತೆ ಇಡುತ್ತಾಳೆ. ಆಮೇಲೆ ಇಡೀ ಮುದುಕಿಯೇ ಹೊರಗೆ! ಕಲ್ಲಂಗಡಿಯನ್ನು ಮೂಸಿಯೂ ನೋಡದೆ ಹುಲ್ಲಿನಲ್ಲಿ ಹೊರಳತೊಡಗುತ್ತಾಳೆ. ಅಷ್ಟರಲ್ಲಿ ಬಂದು ನಿಂತಿದ್ದ ಡಾಕ್ಟರು ಚಪ್ಪಾಳೆ ತಟ್ಟಲು ಹೋಗಿ, ಅಕ್ಕ ಕಣ್ಣು ಬಿಟ್ಟದ್ದು ನೋಡಿ ಕೈ ಕಟ್ಟಿಕೊಳ್ಳುತ್ತಾರೆ.

ಇನ್ನೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

"ಇನ್ನೊಂದ್ಸಲ ತಾರಾಲಯಕ್ಕೆ ಹೋಗ್ಬೇಕು. ಆ ಹುಡುಗ ಭರ್ಜಿ ಕೆಳಗಿಟ್ನಾ ನೋಡ್ಬೇಕು. ಇಟ್ಟಿಲ್ಲಾಂದ್ರೆ ಮತ್ತೆ ಕೂಗ್ತೀನಿ."