ಅಪ್ಪನ ಕೆಮ್ಮು ಎಲ್ಲಿ ಹೋಯ್ತು?

ಕ್ಯಾಸೆಟ್ಟಿನ ರೀಲು ಬಿಚ್ಚಿಕೊಂಡು ನನ್ನ ಕತ್ತಿಗೇ ಸುತ್ತಿದ ಹಾಗೆ ಕನಸು ಬಿತ್ತು ಸ್ನೇಹಿತರೇ. ರೀಲು ಎಲ್ಲಿ ಹಾಳಾಗುತ್ತೋ ಅಂತ ಹೆದರಿಕೊಂಡು, ತೀರಿಹೋದ ಅಪ್ಪನ ದನಿ ಇರುವ ಕ್ಯಾಸೆಟ್ಟನ್ನು ಇವತ್ತು ತಿಪಟೂರಿಗೆ ಒಯ್ದು ಮೊಬೈಲಿಗೆ ಹಾಕಿಸಿದೆ. ಅದರಲ್ಲಿ ಅಪ್ಪ ಅಟ್ಟದಲ್ಲಿ ಕೂತು ಒಂದೊಂದೇ ಕಾಯಿ ಅಲ್ಲಾಡಿಸುತ್ತಾನೆ. ಒಳಗೆ ಕೊಬ್ಬರಿ ಗಡಗಡ ಅಂದರೆ "ಇದು ಆಗೈತೆ", ಇಲ್ಲದಿದ್ದರೆ "ಇನ್ನೂ ಹಸಿ" ಅನ್ನುತ್ತಾನೆ. ನಡುನಡುವೆ ಕೆಮ್ಮುತ್ತಾನೆ. ಅದರಲ್ಲಿರುವುದು ಅಷ್ಟೇ. ಅವ್ವ ದಿನಾ ಕೇಳುತ್ತಾಳೆ.

ಅವ್ವನಿಗೆ ಮೊಬೈಲಿನಲ್ಲಿ ಕೇಳಿಸಿದೆ. "ಕೆಮ್ಮೆಲ್ಲೋ? ಇದು ನಿಮ್ಮಪ್ಪ ಅಲ್ಲ ಕಣ್ಲಾ" ಅಂದಳು.

ಅಂಗಡಿಯವನಿಗೆ ಫೋನ್ ಮಾಡಿ ಬೈದೆ. "ನಾನೇನೂ ತೆಗ್ದಿಲ್ಲ ಕಣಣ್ಣ, ಇದ್ದಿದ್ದನ್ನ ಇದ್ದಂಗೇ ಹಾಕಿದ್ದೀನಿ" ಅಂದ.

ನಮ್ಮ ಹಳೇ ಟೇಪ್‌ರೆಕಾರ್ಡರಿಗೇ ಕ್ಯಾಸೆಟ್ ಹಾಕಿದೆವು. ಅದೇ ಗಡಗಡ, ಅದೇ ಮಾತು. ನಿನ್ನೆಯವರೆಗೂ ಇದ್ದ ಕೆಮ್ಮು ಅದರಲ್ಲೂ ಇಲ್ಲ! ನಾನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ಹಾಕಿದೆ. ಅವ್ವ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೋಗ್ಲಿ ಬುಡು, ಅಲ್ಲಾದ್ರೂ ವಾಸಿಯಾಯ್ತಲ್ಲ" ಅಂದಳು.

ಅವಳು ನೆಮ್ಮದಿಯಾಗಿ ಮುದ್ದೆ ಉಂಡಳು, ನನಗೆ ಒಂದು ತುತ್ತೂ ಇಳಿಯಲಿಲ್ಲ. ದಂಡಿನಶಿವರದ ಅಕ್ಕಾ, ಇದರದೇ ಕಾಪಿ ಮಾಡಿಸಿದ ಇನ್ನೊಂದು ಕ್ಯಾಸೆಟ್ ನಿನ್ನ ಹತ್ತಿರ ಇದೆಯಲ್ಲ. ಅದರಲ್ಲಿ ಅಪ್ಪ ಕೆಮ್ಮುತ್ತಾನಾ ಇಲ್ಲವಾ, ಇನ್ನೊಂದು ಸಲ ಸರಿಯಾಗಿ ಕೇಳಿ ಹೇಳು.