ಅರ್ಧ ನಿಮಿಷ ಕಾಯುವ ಪೋರ್ಟು

ಬೆಳಿಗ್ಗೆ ನಮ್ಮ ಲ್ಯಾಬಿನ ಕಂಪ್ಯೂಟರ್ ಆನ್ ಮಾಡಿದರೆ ನೆಟ್‌ವರ್ಕ್ ಸಿಗಲು ಅರ್ಧ ನಿಮಿಷ ಬೇಕಿತ್ತು. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಅದೂ ಒಂದು ಯುಗ.

ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಲ್ಯಾಬಿನಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತೇನೆ. ಕಳೆದ ವಾರ ಡಾಕ್ಟರ್ ಹೊಸ ಟೆಕ್ನಿಷಿಯನ್‌ನನ್ನು ಕರೆಸಿದರು. ಆತ ಕೇಬಲ್‌ಗಳೆಲ್ಲ ಸೇರುವ ಸ್ವಿಚ್ಚಿನ ಸೆಟ್ಟಿಂಗ್ ತೆರೆದು ನೋಡಿದ.

"ಕೇಬಲ್ ಸಿಕ್ಕಿಸೋ ಎಲ್ಲಾ ಪೋರ್ಟೂ ಕಾಯೋ ಹಂಗೆ ಇಟ್ಟಾರಲ್ರಿ ಮೇಡಂ! ಸ್ಪ್ಯಾನಿಂಗ್ ಟ್ರೀ ಅಂತಾರಿದಕ್ಕೆ, ಕೇಬಲ್ ಸುತ್ತು ಬೀಳದಂಗೆ ತಡೆಯೋದು. ಯಾರ್ರೀ ಮಾಡಿದ್ದು?"

"ನನ್ನ ತಮ್ಮ."

"ಹಂಗಾರೆ ಅವರಿಗೇ ಒಂದ್ ಫೋನ್ ಹಾಕ್ರಿ. ಎರಡು ನಿಮಿಷದ ಕೆಲ್ಸ."

ಪಾಪ, ಅವನಿಗೇನು ಗೊತ್ತು? ಹರಿಹರದಲ್ಲಿದ್ದ ನನ್ನ ತಮ್ಮ ಮಂಜು ತೀರಿಕೊಂಡು ನಾಲ್ಕು ತಿಂಗಳಾಯಿತು.

ಆ ಸೆಟ್ಟಿಂಗ್‌ಗೆ ಕಾರಣ ನಾನೇ. ಒಂದು ಶನಿವಾರ ಟೇಬಲ್ ಒರೆಸುವಾಗ ಕೇಬಲ್ಲಿನ ಒಂದು ತುದಿ ಜೋತಾಡುತ್ತಿತ್ತು. ಅಚ್ಚುಕಟ್ಟಾಗಿರಲಿ ಎಂದು ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿದೆ. (ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ನೋಡಿದ್ದರೆ ತಾನೆ?) ಹೋದ ಮಾಹಿತಿಯೇ ಸುತ್ತಿ ಸುತ್ತಿ ಬಂದು ಇಡೀ ಲ್ಯಾಬ್ ನಿಂತುಹೋಯಿತು.

ಮಂಜು ಹರಿಹರದಿಂದ ಬೈಕಿನಲ್ಲಿ ಬಂದ. ಸರಿ ಮಾಡಿ, ನಕ್ಕ.

"ಇನ್ಮ್ಯಾಲೆ ಕೇಬಲ್ ಹಾಕಿದ್ರೆ ಪೋರ್ಟು ಮೊದ್ಲು ಸುಮ್ನೆ ಕೇಳ್ತೈತಕ್ಕ. ಆಮೇಲೆ ಯಾರ್ ಎಲ್ಲೈದಾರೆ ಅಂತ ಕಲೀತೈತೆ. ಕೊನಿಗೆ ಮಾತಾಡ್ತೈತೆ. ನೀನು ಪೂರಾ ಉಲ್ಟಾ ನೋಡು!"

"ಹೋಗೋ, ದೊಡ್ಡ ಎಂಜಿನಿಯರ್ರು," ಎಂದಿದ್ದೆ.

ನಾಲ್ಕು ತಿಂಗಳ ಹಿಂದೆ, ಕೌಂಟರಿನ ಮುಂದೆ ಜನ ನಿಂತಿದ್ದಾಗ ಅವನ ಫೋನ್ ಬಂತು. "ಅಕ್ಕಾ, ಎದೆ ಯಾಕೋ ಹಿಡ್ಕಂಡಂಗೆ..."

ಮುಗಿಸಲು ಬಿಡಲಿಲ್ಲ. "ಗ್ಯಾಸ್ ಕಣೋ. ರಾತ್ರಿ ಮಿರ್ಚಿ ತಿಂದಿರ್ತೀಯ. ಸೋಡಾ ಕುಡಿ, ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟೆ. ದಿನಕ್ಕೆ ಹತ್ತು ಜನ ಎದೆನೋವು ಎಂದು ಬಂದು ನಿಲ್ಲುವ ಕೌಂಟರಿನಲ್ಲಿ ಕೂತು!

ಮಧ್ಯಾಹ್ನ ಮತ್ತೆ ಹರಿಹರದಿಂದ ಫೋನ್ ಬಂತು. ಅವನದಲ್ಲ.

ಸುದ್ದಿ ತಿಳಿದು ಬಂದವರೆಲ್ಲ ಬಾಗಿಲಲ್ಲೇ ಸಮಾಧಾನ ಶುರು ಮಾಡಿದರು. ವಿಧಿ, ಹಣೆಬರಹ, ಗಟ್ಟಿಯಾಗಿರು. ಪಕ್ಕದ ಮನೆಯ ಗಂಗಮ್ಮಜ್ಜಿ ಮಾತ್ರ ಚಾಪೆಯ ಮೇಲೆ ಸುಮ್ಮನೆ ಕೂತಿತು. ಬಹಳ ಹೊತ್ತಾದ ಮೇಲೆ, "ಏನಾತವ್ವಾ, ಹೇಳು," ಎಂದಿತು. ಫೋನಿನ ವಿಷಯ ನಾನು ಹೇಳಿಕೊಂಡದ್ದು ಆ ಅಜ್ಜಿಗೆ ಮಾತ್ರ. ಈಗ ನಿಮಗೆ.

ಟೆಕ್ನಿಷಿಯನ್‌ಗೆ ಮಂಜು ಈಗಿಲ್ಲ ಎಂದಷ್ಟೇ ಹೇಳಿದೆ. ಅವನು ಮೌಸ್ ಬಿಟ್ಟು ಕೂತ. ಆಮೇಲೆ ಮೆತ್ತಗೆ, "ಇನ್ನೊಂದು ಸ್ವಿಚ್ಚಿಗೆ ಹೋಗೋ ಪೋರ್ಟು ಹೆಂಗೂ ಕಾಯ್ಲೇಬೇಕ್ರಿ. ಉಳಿದ ಕಂಪ್ಯೂಟರ್‌ವು ಬೇಗ ಬರಂಗೆ ಮಾಡ್ಲೇನ್ರಿ?" ಎಂದ.

ಮಾಡಪ್ಪ ಎಂದೆ. ಹಸಿದವರನ್ನು ಯಾಕೆ ಕಾಯಿಸಬೇಕು? ನನ್ನ ಟೇಬಲ್ಲಿನದೊಂದು ಹಾಗೇ ಇರಲಿ ಎಂದೆ.

ಈಗ ದಿನಾ ಬೆಳಿಗ್ಗೆ ಜನ ಬರುವ ಮೊದಲೇ ಬಂದು, ಆ ಅರ್ಧ ನಿಮಿಷ ಪರದೆ ನೋಡುತ್ತಾ ಕೂರುತ್ತೇನೆ. ಅವತ್ತು ಇಷ್ಟೇ ಹೊತ್ತು ಸುಮ್ಮನಿದ್ದಿದ್ದರೆ, ಮಂಜು ಮುಂದೆ ಏನು ಹೇಳುತ್ತಿದ್ದ?